ಉಪ್ಪು ಮತ್ತು ಹೋಳಿಗೆ

ವಿಡಿಯೊ ಗೇಮ್ ಪ್ರಕಾಶಕರು ಆಟದ ಕೆಲವು ಭಾಗಗಳನ್ನು ತೆಗೆದಿರಿಸಿ, ಅವನ್ನೇ ಬೇರೆ ಬೆಲೆಗೆ ಮಾರುತ್ತಾರೆಂಬುದು ಹಳೆಯ ದೂರು. 2012ರಲ್ಲಿ ‘ಮಾಸ್ ಎಫೆಕ್ಟ್ 3’ ಬಿಡುಗಡೆಯಾದ ದಿನವೇ, ಸಾಮಾನ್ಯ ಪ್ರತಿ ಕೊಂಡವರು ಒಂದು ಪಾತ್ರ ಬೇಕಾದರೆ ಪ್ರತ್ಯೇಕವಾಗಿ ಹಣ ತೆರಬೇಕಾಯಿತು. ಮುಖ್ಯ ಆಟ ಮುಗಿದ ಮೇಲೆ ಮಾಡಿದ್ದು ಎಂದರು ತಯಾರಕರು. ಅದರ ಒಂದಷ್ಟು ಅಂಶ ಡಿಸ್ಕಿನಲ್ಲೇ ಇದೆಯಲ್ಲ ಎಂದರು ಆಟಗಾರರು.

ಇದೆಲ್ಲ ತಿಥಿವಾರದ ವಾದ. ನ್ಯಾಯ ಅಲ್ಲಿಲ್ಲವೆಂದು ನನ್ನ ಎಣಿಕೆ. 2015ರಲ್ಲಿ ‘ದಿ ವಿಚರ್ 3’ ಹೊರಬರುವ ಮೊದಲೇ ಅದರ ಎರಡು ವಿಸ್ತರಣೆಗಳನ್ನು ಮಾರಾಟಕ್ಕಿಟ್ಟಿದ್ದರು. ಆದರೂ ಮೂಲ ಆಟ ತನ್ನಷ್ಟಕ್ಕೆ ತಾನು ತುಂಬಿತ್ತು. ಖಾನಾವಳಿಯವನು ಹೋಳಿಗೆಗೆ ಬೇರೆ ಕಾಸು ಕೇಳಿದರೆ ಅದು ವ್ಯಾಪಾರ. ಸಾರಿನ ಉಪ್ಪಿಗೆ ಕೇಳಿದರೆ ವಂಚನೆ. ಎರಡೂ ಒಂದೇ ಅಡಿಗೆಮನೆಯಿಂದ ಬಂದವೆಂಬ ಮಾತ್ರಕ್ಕೆ ಈ ಭೇದ ಅಳಿಯದು.

‘ಮಾಸ್ ಎಫೆಕ್ಟ್’ನ ಆ ಪಾತ್ರವೋ, ಸರಣಿಯ ಕಥೆ ಮೊದಲಿನಿಂದ ಯಾರ ಜಾಡು ಹಿಡಿದು ಬಂದಿತ್ತೋ ಆ ಅಳಿದ ಜನಾಂಗದ ಕೊನೆಯ ಕುಡಿ. ಅವನಿಲ್ಲದೆಯೂ ಆಟ ಮುಗಿಯುತ್ತದೆ, ನಿಜ. ಉಪ್ಪಿಲ್ಲದ ಸಾರಿನಲ್ಲೂ ಹೊಟ್ಟೆ ತುಂಬುತ್ತದೆ.

ಯಾವುದು ಉಪ್ಪು, ಯಾವುದು ಹೋಳಿಗೆ ಎಂಬುದು ಕೊಳ್ಳುವವನಿಗೆ ಮೊದಲೇ ತಿಳಿಯದು, ಮಾಡಿದವನಿಗೆ ತಿಳಿದಿರುತ್ತದೆ. ಆದ್ದರಿಂದಲೇ ಹೊಣೆಯೂ ಅವನದು.