ಒತ್ತೆಯ ಒಡವೆ ಮತ್ತು ಅಚೌರ್ಯಾಣುವ್ರತ

ಪಂಚಾಣುವ್ರತಗಳಲ್ಲಿ ಅಚೌರ್ಯವೇ ಸುಲಭವಾದುದೆಂದು ವರ್ತಕರು ಭಾವಿಸುವುದುಂಟು. ಕನ್ನ ಹಾಕುವ ಶ್ರಾವಕನೆಲ್ಲಿದ್ದಾನೆ? ಆದರೆ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಈ ವ್ರತಕ್ಕೆ ಹೇಳಿರುವ ಐದು ಅತಿಚಾರಗಳಲ್ಲಿ ಕನ್ನದ ಮಾತೇ ಇಲ್ಲ. ಕಳವಿಗೆ ಪ್ರೇರಣೆ, ಕಳವಿನ ಮಾಲನ್ನು ಪಡೆಯುವುದು, ರಾಜ್ಯದ ಕಟ್ಟಳೆಯನ್ನು ಮೀರುವುದು, ತೂಕದ ಮೋಸ, ನಕಲಿ ಸರಕು: ಬಹುಮಟ್ಟಿಗೆ ಎಲ್ಲವೂ ಅಂಗಡಿಯ ಗಾದಿಯ ಸುತ್ತಲಿನವೇ.

ಶಿಕಾರಿಪುರ, ಸೊರಬ ಸೀಮೆಗಳಲ್ಲಿ ಬಿತ್ತನೆಯ ಕಾಲಕ್ಕೆ ಗಿರವಿಗೆ ಹೋದ ಒಡವೆ, ಭತ್ತವೋ ಅಡಿಕೆಯೋ ಮಾರಾಟವಾದ ಮೇಲೆ ಮನೆಗೆ ಮರಳುತ್ತದೆ. 1961ರ ಗಿರವಿದಾರರ ಅಧಿನಿಯಮವು ಈ ವ್ಯಾಪಾರಕ್ಕೆ ಲೈಸೆನ್ಸು, ಲೆಕ್ಕದ ಪುಸ್ತಕ, ಗಿರವಿ ಚೀಟಿಗಳನ್ನು ವಿಧಿಸಿ, ತಪ್ಪಿದವರಿಗೆ ದಂಡನೆಯನ್ನೂ ಹೇಳಿದೆ. ಕಳವಿನದೆಂದು ತಿಳಿದೋ, ಹಾಗೆ ನಂಬಲು ಕಾರಣವಿದ್ದೋ ಅಪ್ರಾಮಾಣಿಕವಾಗಿ ಮಾಲು ಪಡೆದವನಿಗೆ ಮೂರು ವರ್ಷಗಳವರೆಗೆ ಸೆರೆವಾಸ. ಹಿಂದೆ ಇದು 1860ರ ದಂಡಸಂಹಿತೆಯ 411ನೆಯ ಕಲಮಾಗಿತ್ತು; 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 317ನೆಯದು.

ಇಲ್ಲಿಯೇ ಪ್ರಶ್ನೆ ಹುಟ್ಟುತ್ತದೆ. ತಿಳಿಯದೆ ಪಡೆದವನ ವ್ರತ ಉಳಿಯಿತೆ? ಕಾನೂನು ಅವನ ತಿಳಿವನ್ನು ಅಳೆಯುತ್ತದೆ. ಆಗಮವಾದರೋ ಪ್ರಮಾದವನ್ನು ಅಳೆಯುತ್ತದೆ. ಕೇಳಬೇಕಾದುದನ್ನು ಕೇಳದಿರುವುದೂ ಪ್ರಮಾದವೇ. ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ, ಅರಾಜಕತೆಯ ನಾಡಿನಲ್ಲಿ ಬೆಲೆಬಾಳುವ ವಸ್ತುವನ್ನು ಅಲ್ಪ ಬೆಲೆಗೆ ದಕ್ಕಿಸಿಕೊಳ್ಳುವ ಯತ್ನವನ್ನು ಅತಿಚಾರಕ್ಕೆ ಸೇರಿಸಿದ್ದಾರೆ. ಸಂಜೆಗತ್ತಲಲ್ಲಿ ಬಂದವನು ಅರ್ಧ ಬೆಲೆಗೆ ಒಪ್ಪಿದಾಗ ಆ ಬೆಲೆಯೇ ಸಾಕ್ಷಿ ನುಡಿಯುತ್ತದೆ. ಆದರೂ ಎಲ್ಲರನ್ನೂ ಕಳ್ಳರೆಂದು ಕಾಣುವುದು ಧರ್ಮವಲ್ಲ. ಅಜ್ಜಿಯ ಕಾಲದ ಕಾಸಿನ ಸರಕ್ಕೆ ರಸೀದಿ ಎಲ್ಲಿಂದ ಬರಬೇಕು? ಮಗುವಿನ ಔಷಧಿಗೆಂದು ಬಂದ ಬಡ ತಾಯಿಯನ್ನು ಹತ್ತು ಜನರೆದುರು ಪ್ರಶ್ನಿಸಿ ಕಳುಹಿಸಿದರೆ ಅದೂ ಹಿಂಸೆಯೇ. ಕೇಳುವುದನ್ನು ಮೆಲ್ಲನೆ, ಎಲ್ಲರಿಗೂ ಒಂದೇ ರೀತಿ ಕೇಳಿ ಬರೆದುಕೊಂಡರೆ ಯಾರ ಮಾನವೂ ಹೋಗದು.

ಇದಕ್ಕಿಂತ ಸೂಕ್ಷ್ಮವಾದ ಸಂಗತಿ ಬೇರೊಂದಿದೆ. ಅದರ ಚರ್ಚೆ ಕಡಿಮೆ. ಅವಧಿ ಮೀರಿದ ಒಡವೆ ಹರಾಜಾಗಿ, ಸಾಲ ಬಡ್ಡಿಗಳು ತೀರಿ ಹಣ ಮಿಕ್ಕರೆ ಅದು ಒತ್ತೆಯಿಟ್ಟವನದು. 1872ರ ಕರಾರು ಅಧಿನಿಯಮದ 176ನೆಯ ಕಲಮು ಹೀಗೆಂದೇ ಹೇಳುತ್ತದೆ. ರೈತನಿಗೆ ಇದು ತಿಳಿಯದು. ಅವನು ಕೇಳುವುದೂ ಇಲ್ಲ. ಇಟ್ಟುದರ ಲೆಕ್ಕ ಮರೆತು ಕಡಿಮೆ ಕೇಳಿದವನಿಗೆ "ಅಷ್ಟೇ" ಎಂದು ಒಪ್ಪಿ ಉಳಿದುದನ್ನು ಇಟ್ಟುಕೊಳ್ಳುವುದು ನ್ಯಾಸಾಪಹಾರ. ಆಚಾರ್ಯರು ಇದನ್ನು ಅಚೌರ್ಯದಲ್ಲಿಡದೆ ಸತ್ಯಾಣುವ್ರತದ ಅತಿಚಾರವೆಂದು ಗಣಿಸಿರುವುದು ಗಮನಾರ್ಹ. ಮೌನವೇ ಅಲ್ಲಿ ಸುಳ್ಳಾಗುತ್ತದೆ.

ಅಷ್ಟಮಿ ಚತುರ್ದಶಿಗಳ ಉಪವಾಸದಿಂದ ಈ ದೋಷ ಕಳೆಯುವುದೆಂಬ ಸಮಾಧಾನ ಕೆಲವರಿಗಿದೆ. ಶಲ್ಯವಿಲ್ಲದವನೇ ವ್ರತಿ, ಮಾಯಾಶಲ್ಯವು ನಾಟಿಕೊಂಡಿರುವಾಗ ಹೊಟ್ಟೆ ಬರಿದಾದೀತು, ಪೆಟ್ಟಿಗೆ ಬರಿದಾಗದು.

ಶಿಕಾರಿಪುರ ತಾಲ್ಲೂಕಿನ ಬಂದಳಿಕೆಯಲ್ಲಿ ಹತ್ತನೆಯ ಶತಮಾನದ ಆರಂಭದಲ್ಲಿ ಸಲ್ಲೇಖನದಿಂದ ದೇಹವಿಟ್ಟ ಜಕ್ಕಿಯಬ್ಬೆಯು ನಾಗರಖಂಡ ಎಪ್ಪತ್ತನ್ನು ಆಳಿದವಳು. ವ್ರತ ತೊಡುವ ಮುನ್ನ ಆಕೆ ಅಧಿಕಾರವನ್ನು ಮಗಳಿಗೆ ಒಪ್ಪಿಸಿದಳು. ಅಧಿಕಾರ ಆಕೆಯದಾಗಿತ್ತು, ಒಪ್ಪಿಸಲು ಬಂದಿತು. ಗಿರವಿದಾರನ ಪೆಟ್ಟಿಗೆಯಲ್ಲಿ ಮಿಕ್ಕ ಹಣವು ಅವನದಲ್ಲ. ಆದುದರಿಂದ ಅದನ್ನು ಅವನು ತ್ಯಜಿಸಲಾರ, ಬಸದಿಗೆ ದಾನವಾಗಿಯೂ ಕೊಡಲಾರ. ದಶಲಕ್ಷಣ ಪರ್ವಕ್ಕೆ ಮೊದಲು ಹಳೆಯ ಪುಸ್ತಕಗಳನ್ನು ತೆಗೆದು, ಹರಾಜಾದ ಒಡವೆಗಳ ಒಡೆಯರಿಗೆ ಒಂದೊಂದು ಕಾಗದ ಬರೆಯುವುದಷ್ಟೇ ಅವನಿಗೆ ಉಳಿದಿರುವ ದಾರಿ. ವಿಳಾಸಗಳು ಗಿರವಿ ಪುಸ್ತಕದಲ್ಲಿಯೇ ಇವೆ.