ಸಂಶಯಪಡುವುದು ಪಾಪವೇ?



ಸೊರಟೂರಿನಂಥ ಊರಿನಲ್ಲಿ ಮನೆಗೆ ಬಂದ ಟಪಾಲನ್ನು ಮನೆಯವರಷ್ಟೇ ಓದುವುದಿಲ್ಲ. ಓದು ಬಾರದ ಹಿರಿಯರು ಪಕ್ಕದ ಮನೆಯ ಹುಡುಗನನ್ನು ಕರೆಯುತ್ತಾರೆ, ಇಲ್ಲವೇ ಶಾಲೆಯ ಮಾಸ್ತರರಿಗೆ ತೋರಿಸುತ್ತಾರೆ. ಪಡಿತರಕ್ಕೆ, ಬೆಳೆ ವಿಮೆಗೆ, ಪಿಂಚಣಿಗೆ ಎಂದು ಕೇಳಿದವರಿಗೆಲ್ಲ ಆಧಾರ್ ಝೆರಾಕ್ಸ್ ಕೊಡುತ್ತೇವೆ. ಹೆಬ್ಬೆಟ್ಟು ಒತ್ತು ಎಂದಲ್ಲಿ ಒತ್ತುತ್ತೇವೆ. ಇದನ್ನು ದಡ್ಡತನವೆಂದು ನಗಬೇಡಿ. ಇಷ್ಟು ನಂಬಿಕೆ ಇಲ್ಲದಿದ್ದರೆ ಹಳ್ಳಿಯ ಬದುಕು ಒಂದು ದಿನವೂ ಸಾಗದು. ಆದ್ದರಿಂದಲೇ "ಯಾರನ್ನೂ ನಂಬಬೇಡಿ" ಎಂಬ ಎಚ್ಚರಿಕೆ ಕಿವಿಗೆ ಬಿದ್ದಾಗ ನಮ್ಮಲ್ಲಿ ಎಷ್ಟೋ ಜನರಿಗೆ ಕಸಿವಿಸಿಯಾಗುತ್ತದೆ. ನೆರೆಯವನನ್ನು ಪ್ರೀತಿಸಬೇಕಾದವನು ಅವನನ್ನು ಸಂಶಯಿಸಬಹುದೇ?

ಒಂದು ಲಕೋಟೆ ಬಂತೆಂದು ಇಟ್ಟುಕೊಳ್ಳಿ. ನೀವು ಎಂದೂ ಕೇಳದ ಕ್ರೆಡಿಟ್ ಕಾರ್ಡಿಗೆ ನಿಮ್ಮನ್ನು ಅಭಿನಂದಿಸುವ ಪತ್ರ. ಅಥವಾ ನೀವು ಕಾಲಿಡದ ಅಂಗಡಿಯಲ್ಲಿ ಕೊಂಡ ಸಾಮಾನಿನ ಬಿಲ್ಲು. ಅಥವಾ ತೀರಿಕೊಂಡ ತಂದೆಯ ಹೆಸರಿಗೆ ಸಾಲ ಮಂಜೂರಾದ ಸುದ್ದಿ. ಇನ್ನೊಂದು ಸೂಚನೆಯನ್ನು ನಾವು ಗಮನಿಸುವುದೇ ಇಲ್ಲ: ತಿಂಗಳು ತಿಂಗಳು ಬರುತ್ತಿದ್ದ ಬ್ಯಾಂಕಿನ ಪತ್ರ ಬರದೇ ನಿಂತುಹೋಗುವುದು. ಯಾರೋ ನಿಮ್ಮ ವಿಳಾಸವನ್ನು ಬದಲಾಯಿಸಿರಬಹುದು.

ಇಲ್ಲಿ ಕಳ್ಳ ಕದ್ದದ್ದಾದರೂ ಏನನ್ನು? ಕೊಡ ಕದ್ದರೆ ಕೊಡ ನಮ್ಮಲ್ಲಿ ಇರುವುದಿಲ್ಲ. ಹೆಸರು ಕದ್ದರೆ ಹೆಸರು ನಮ್ಮಲ್ಲೇ ಇರುತ್ತದೆ. ಇದು ಏಳನೆಯ ಆಜ್ಞೆಗೆ ಸೇರಿದ ಕಳ್ಳತನವೋ, ಎಂಟನೆಯದಕ್ಕೆ ಸೇರಿದ ಸುಳ್ಳು ಸಾಕ್ಷಿಯೋ? ನನಗೆ ತೋರುವ ಮಟ್ಟಿಗೆ ಎರಡೂ ಹೌದು. ಆದರೆ ಎರಡನೆಯದೇ ಹೆಚ್ಚು ಆಳವಾದ ಗಾಯ. ಸಾಲ ಎಂದರೆ "ತೀರಿಸುತ್ತೇನೆ" ಎಂಬ ಮಾತು. ಮಾತು ಕೊಡುವ ಹಕ್ಕು ಮಾತಿನ ಒಡೆಯನಿಗೆ ಮಾತ್ರ. ವಂಚಕನು ನಿಮ್ಮ ಬಾಯಿಂದ ಮಾತು ಕೊಟ್ಟು, ನಿಮ್ಮ ಬಾಯಿಂದಲೇ ಅದನ್ನು ಮುರಿಯುತ್ತಾನೆ. ಮುಂಗಾರಿನ ಹೊತ್ತಿಗೆ ನೀವು ಬೀಜ ಗೊಬ್ಬರದ ಸಾಲಕ್ಕೆ ಹೋದಾಗ ಬ್ಯಾಂಕಿನ ದಾಖಲೆಯಲ್ಲಿ ನೀವು ಮಾತಿಗೆ ತಪ್ಪಿದ ಮನುಷ್ಯ.

ಇದು ಇಂದು ನಿನ್ನೆಯ ಪಾಪವೂ ಅಲ್ಲ. ಗಂಗ ಅರಸರ ಹೆಸರಿನಲ್ಲಿರುವ ಎಷ್ಟೋ ತಾಮ್ರಪಟಗಳನ್ನು ಜೆ.ಎಫ್. ಫ್ಲೀಟ್ ಎಂಬ ವಿದ್ವಾಂಸರು ಕೂಟಶಾಸನಗಳೆಂದು, ಅಂದರೆ ನಕಲಿಯೆಂದು, ತೀರ್ಮಾನಿಸಿದರು. ಅವುಗಳಲ್ಲಿ ಹೇಳಿದ ಕಾಲಕ್ಕೂ ಅಕ್ಷರದ ರೂಪಕ್ಕೂ ತಾಳೆಯಾಗುತ್ತಿರಲಿಲ್ಲ. ಇನ್ನೂ ಹಳೆಯದು ಬೇಕಿದ್ದರೆ ಆದಿಕಾಂಡದ 27ನೆಯ ಅಧ್ಯಾಯವಿದೆ. ಕಣ್ಣು ಮಂಜಾದ ಇಸಾಕನ ಮುಂದೆ ಯಕೋಬನು ಅಣ್ಣನ ಉಡುಪು ತೊಟ್ಟು, ಕೈಗೆ ಆಡಿನ ಮರಿಯ ತೊಗಲು ಸುತ್ತಿಕೊಂಡು ನಿಲ್ಲುತ್ತಾನೆ. ಮುದುಕನಿಗೆ ಸಂಶಯ ಬರುತ್ತದೆ, ಮುಟ್ಟಿಯೂ ನೋಡುತ್ತಾನೆ, ಮೂಸಿಯೂ ನೋಡುತ್ತಾನೆ. ಆದರೂ ಮೋಸಹೋಗುತ್ತಾನೆ. ಏಕೆ? ಅವನು ಪರೀಕ್ಷಿಸಿದ್ದೆಲ್ಲವೂ ಎದುರಿಗಿದ್ದವನೇ ಹೊತ್ತು ತಂದ ಪುರಾವೆ. ಬದಲಿಸಲಾಗದ ಒಂದೇ ಗುರುತಾದ ದನಿಯನ್ನು ಅವನು ಬದಿಗಿಟ್ಟುಬಿಟ್ಟ. ಸಂಶಯದ ಪತ್ರ ಬಂದಾಗ ಅದರಲ್ಲೇ ಅಚ್ಚಾದ ನಂಬರಿಗೆ ಫೋನು ಮಾಡಿ "ಇದು ನಿಜವೇ?" ಎಂದು ಕೇಳುವವರು ಇಸಾಕನ ತಪ್ಪನ್ನೇ ಮಾಡುತ್ತಾರೆ. ಪಾಸ್‌ಬುಕ್ಕಿನಲ್ಲಿರುವ ಇಲ್ಲವೇ ನಿಮ್ಮ ಹಳೆಯ ಕಾರ್ಡಿನ ಬೆನ್ನಿನ ಮೇಲಿರುವ ನಂಬರಿಗೆ ಮಾಡಿ. ಅದಕ್ಕಿಂತ ಮೇಲು, ಪತ್ರ ಹಿಡಿದು ಶಾಖೆಗೇ ಹೋಗುವುದು.

ಈಗ ಮೊದಲಿನ ಪ್ರಶ್ನೆ. ಸಂತ ತೋಮಸ್ ಅಕ್ವಿನಾಸರು ಅವಸರದ ತೀರ್ಪನ್ನು ಪಾಪವೆಂದೇ ಎಣಿಸುತ್ತಾರೆ. ಮನುಷ್ಯನ ಬಗ್ಗೆ ಅನುಮಾನವಿದ್ದರೆ ಒಳ್ಳೆಯದನ್ನೇ ಭಾವಿಸಬೇಕು, ಅದರಿಂದ ಪದೇ ಪದೇ ಮೋಸಹೋದರೂ ಚಿಂತೆಯಿಲ್ಲ ಎಂಬುದು ಅವರ ವಾದ. ಆದರೆ ಅಲ್ಲೇ ಎರಡು ಮಾತು ಸೇರಿಸುತ್ತಾರೆ. ವಸ್ತುಗಳನ್ನು ಮಾತ್ರ ಅವು ಇದ್ದಂತೆಯೇ ತೂಗಬೇಕು. ವಸ್ತುವಿಗೆ ಮಾನಹಾನಿ ಎಂಬುದಿಲ್ಲ. ಕೇಡಿಗೆ ಮದ್ದು ಹುಡುಕುವಾಗ ಕೆಟ್ಟದ್ದೇ ಆಗಿದೆ ಎಂದು ಎಣಿಸಿಕೊಂಡು ಹೊರಡುವುದು ಲೇಸು. ದೊಡ್ಡ ಕೇಡಿಗೆ ನಾಟುವ ಮದ್ದು ಸಣ್ಣದಕ್ಕೂ ನಾಟುತ್ತದೆ. ಪತ್ರವೊಂದು ವಸ್ತು. ಅದನ್ನು ಸಂಶಯಿಸಿದರೆ ಯಾರಿಗೂ ಅನ್ಯಾಯವಾಗದು. ಅದನ್ನು ತಂದುಕೊಟ್ಟ ಟಪಾಲಿನವನನ್ನೋ, ಓದಿ ಹೇಳಿದ ಹುಡುಗನನ್ನೋ ಕಳ್ಳನೆಂದು ಕೂಗುವುದು ಬೇರೆಯೇ ಮಾತು.

ಕೇಳದ ಕಾರ್ಡು ಬಂದರೆ ಹೆದರಬೇಡಿ. ಹಾಗೆ ಕೇಳದೆ ಕಾರ್ಡು ಕೊಡುವುದನ್ನು ರಿಸರ್ವ್ ಬ್ಯಾಂಕು 2022ರ ನಿರ್ದೇಶನದಲ್ಲಿ ನಿಷೇಧಿಸಿತು. ಒಪ್ಪಿಗೆಯಿಲ್ಲದೆ ಚಾಲೂ ಮಾಡಿ ಬಿಲ್ಲು ಹಾಕಿದರೆ ಆ ಮೊತ್ತವನ್ನು ರದ್ದು ಮಾಡಿ, ಅದರ ಎರಡರಷ್ಟು ದಂಡವನ್ನೂ ಬ್ಯಾಂಕೇ ತೆರಬೇಕೆಂದಿತು. ಆ ಒಪ್ಪಿಗೆ ಎಂದರೆ ನಿಮ್ಮ ಮೊಬೈಲಿಗೆ ಬರುವ ಒಟಿಪಿ. ಅದನ್ನು ಬಾಯಿಬಿಟ್ಟು ಹೇಳಿದಿರೋ, ಕಾನೂನಿನ ಬಲ ಅರ್ಧ ಹೋಯಿತು.

2023ರಲ್ಲಿ ನಮ್ಮ ರಾಜ್ಯದಲ್ಲೇ ನಡೆದದ್ದನ್ನು ನೆನೆಯಿರಿ. ಮಂಗಳೂರು, ಬೆಂಗಳೂರುಗಳಲ್ಲಿ ಆಸ್ತಿ ನೋಂದಣಿ ಮಾಡಿಸಿದ್ದ ಹಲವರ ಖಾತೆಯಿಂದ ಹಣ ಹೋಯಿತು. ಅವರು ಯಾರಿಗೂ ಒಟಿಪಿ ಹೇಳಿರಲಿಲ್ಲ. ನೋಂದಣಿ ಪತ್ರಗಳಲ್ಲಿದ್ದ ಬೆರಳಚ್ಚನ್ನು ನಕಲು ಮಾಡಿ, ಆಧಾರ್ ಮೂಲಕ ಹಣ ತೆಗೆಯುವ ವ್ಯವಸ್ಥೆಯಲ್ಲಿ ಕಳ್ಳರು ಬಳಸಿದ್ದರು. ಅಲ್ಲಿ ಒಟಿಪಿಯ ಅಗತ್ಯವೇ ಇಲ್ಲ, ಹೆಬ್ಬೆಟ್ಟೇ ಸಹಿ. ಆದ್ದರಿಂದ ಬೇಡದ ಹೊತ್ತಿನಲ್ಲಿ ಆಧಾರಿನ ಬೆರಳಚ್ಚಿಗೆ ಬೀಗ ಹಾಕಿಡಿ. ಪ್ರಾಧಿಕಾರದ ಆ್ಯಪಿನಲ್ಲಿ ಇದು ಐದು ನಿಮಿಷದ ಕೆಲಸ, ಮನೆಯ ಕಾಲೇಜು ಮಕ್ಕಳೂ ಮಾಡಿಕೊಡಬಲ್ಲರು. ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಆಧಾರ್ ಪ್ರತಿಯೂ ದೊರೆಯುತ್ತದೆ. ಝೆರಾಕ್ಸ್ ಕೊಡಲೇಬೇಕಾದರೆ ಅದರ ಮೇಲೆ ಅಡ್ಡಲಾಗಿ ಯಾವ ಕೆಲಸಕ್ಕೆ, ಯಾವ ದಿನ ಎಂದು ಬರೆದು ಸಹಿ ಹಾಕಿ. ನಿಮ್ಮ ಹೆಸರಿನಲ್ಲಿ ಯಾವ ಯಾವ ಸಾಲಗಳಿವೆ ಎಂಬ ವರದಿಯನ್ನು ಸಿಬಿಲ್ ಮೊದಲಾದ ಸಂಸ್ಥೆಗಳಿಂದ ವರ್ಷಕ್ಕೊಮ್ಮೆ ಪುಕ್ಕಟೆ ತರಿಸಿ ನೋಡಬಹುದು. ಹಣ ಹೋದದ್ದು ತಿಳಿದ ಕೂಡಲೇ ಬ್ಯಾಂಕಿಗೂ 1930 ನಂಬರಿಗೂ ತಿಳಿಸಿ. ನಾಚಿಕೆಯಿಂದ ನಾಲ್ಕು ದಿನ ಸುಮ್ಮನಿದ್ದವರ ಹಣ ಅಷ್ಟರಲ್ಲಿ ನಾಲ್ಕು ಊರು ದಾಟಿರುತ್ತದೆ.

ಕಡೆಯದಾಗಿ, ಯಾರೂ ಬಾಯಿಬಿಡದ ಸಂಗತಿ. ಅಪ್ಪನ ಕಾಗದ ಇಟ್ಟು ಮಗ, ಅತ್ತೆಯ ಹೆಸರಿನಲ್ಲಿ ಅಳಿಯ ಸಾಲ ಎತ್ತುವುದುಂಟು. "ಮನೆಯವನೇ ಅಲ್ಲವೇ, ಕಂತು ತುಂಬಿದರೆ ಆಯಿತು" ಎಂದು ಮನೆಯವರು ಮುಚ್ಚಿಹಾಕುತ್ತಾರೆ. ಮಗನನ್ನು ಕ್ಷಮಿಸಿ, ಅದು ತಂದೆಯ ಹಕ್ಕು. ಆದರೆ ಕದ್ದದ್ದನ್ನು ಮರಳಿಸದೆ ಪಾಪನಿವೇದನೆ ಪೂರ್ಣವಾಗದು ಎಂಬುದನ್ನು ನಾವು ಉಪದೇಶ ತರಗತಿಯಲ್ಲೇ ಕಲಿತಿದ್ದೇವೆ. ಇಲ್ಲಿ ಕದ್ದದ್ದು ಹಣವೊಂದೇ ಅಲ್ಲವಲ್ಲ. ಆ ಮಗ ತಂದೆಯ ಜೊತೆ ಬ್ಯಾಂಕಿಗೆ ಹೋಗಿ, ಸಾಲ ಎತ್ತಿದವನು ತಾನೆಂದು ಬರೆದುಕೊಟ್ಟು, ದಾಖಲೆ ತಿದ್ದಿಸಬೇಕು. ತಿದ್ದುಪಡಿಯ ದೂರನ್ನು 30 ದಿನದೊಳಗೆ ಬಗೆಹರಿಸದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕೆಂಬ ನಿಯಮ 2024ರ ಏಪ್ರಿಲಿನಲ್ಲಿ ಜಾರಿಗೆ ಬಂತು. ದೂರಿನ ಪ್ರತಿಗೆ ಬ್ಯಾಂಕಿನ ಮೊಹರು ಹಾಕಿಸಿಕೊಂಡೇ ಮನೆಗೆ ಬನ್ನಿ.