ಪಾತ್ರೆಯ ಮೇಲಿನ ಹೆಸರು

ವಯಸ್ಸಾದವರು ಮನೆ ಖಾಲಿ ಮಾಡುವಾಗ ಮೊದಲು ಹೋಗುವುದು ವಾಷಿಂಗ್ ಮಷೀನು, ಕೊನೆಗೆ ಉಳಿಯುವುದು ಷೋಕೇಸು. ಮೂವತ್ತು ವರ್ಷ ಬಂದವರಿಗೆಲ್ಲ ತೋರಿಸಿದ್ದನ್ನು ಹೊತ್ತೊಯ್ಯಲು ಒಬ್ಬರೂ ಬರುವುದಿಲ್ಲ.

*

ಬಿಟಿಎಂ ಲೇಔಟಿನ ಥರ್ಟಿ-ಫಾರ್ಟಿ ಸೈಟಿನ ಮನೆಗಳು ಒಂದೊಂದಾಗಿ ಪಿ.ಜಿ. ಆಗುತ್ತಿವೆ. ಮಕ್ಕಳು ನ್ಯೂಜೆರ್ಸಿಯಲ್ಲೋ ಡಲ್ಲಾಸಿನಲ್ಲೋ. ಅಪ್ಪ ಅಮ್ಮ ಎರಡು ಕೋಣೆಯ ಫ್ಲಾಟಿಗೆ. ನಡುವೆ ಸಿಗುವುದು ಎರಡು ವಾರ. ವಾಟ್ಸಾಪ್ ಗ್ರೂಪಿನಲ್ಲಿ ಮಂಚದ ಫೋಟೋ, ಕೆಳಗೊಂದು ರೇಟು, ‘ನೀವೇ ಬಂದು ಸಾಗಿಸಿಕೊಳ್ಳಬೇಕು’. ನಾನು ಹೋಗುವುದು ಆ ಎರಡು ವಾರದಲ್ಲಿ.

*

ಅಮೆರಿಕದಲ್ಲಿ ಈ ಕೆಲಸಕ್ಕೆಂದೇ ಕಂಪನಿಗಳಿವೆ. ಸಾಮಾನಿಗೆಲ್ಲ ಚೀಟಿ ಅಂಟಿಸಿ, ಬಾಗಿಲು ತೆಗೆದು ಮಾರಿ, ಕೊನೆಯ ದಿನ ಬೆಲೆ ಇಳಿಸಿ, ಬಂದ ದುಡ್ಡಿನಲ್ಲಿ ತಮ್ಮ ಪಾಲು ಹಿಡಿದುಕೊಳ್ಳುತ್ತಾರೆ. ಮನೆಯವರು ಅಲ್ಲಿರಬೇಕೆಂದಿಲ್ಲ. ನಮ್ಮಲ್ಲಿ ಮನೆಯವರೇ ನಿಂತು ಕಾಫಿ ಕೊಡುತ್ತಾರೆ. ಕಾಫಿ ಕುಡಿದ ಬಾಯಲ್ಲಿ ಚೌಕಾಸಿ ಹೊರಡುವುದಿಲ್ಲ.

*

‘ಲಾಸ್ಟ್ ಪ್ರೈಸ್ ಹೇಳಿ’ ಎಂಬ ಮಾತನ್ನು ಎಂಬತ್ತು ದಾಟಿದವರ ಎದುರು ಆಡಬಾರದೆಂದು ನಾನು ಕಲಿತದ್ದು ಆಡಿದ ಮೇಲೆ.

*

ಫೋನಿನಲ್ಲಿ ಮಗಳು: “ಎಲ್ಲಾ ಕೊಟ್ಬಿಡಮ್ಮ.” ಅಮ್ಮ: “ಹೂಂ, ಕೊಟ್ಟಾಯ್ತು ಕಣೇ.” ಫೋನಿಟ್ಟವರು ನನ್ನ ಕೈಲಿದ್ದ ಹಿತ್ತಾಳೆ ಕಾಫಿ ಫಿಲ್ಟರನ್ನು ಮೆಲ್ಲಗೆ ಬಿಡಿಸಿಕೊಂಡರು.

*

ಗುಜರಿಯವನ ಬೆಲೆಯಲ್ಲಿ ಭಾವನೆ ಬೆರೆತಿರುವುದಿಲ್ಲ. ಸಾಹಿತ್ಯ ಪರಿಷತ್ತಿನ ಎಂಟು ಸಂಪುಟದ ನಿಘಂಟಿಗೂ ಹಳೇ ಟೆಲಿಫೋನ್ ಡೈರೆಕ್ಟರಿಗೂ ಅವನಲ್ಲಿ ಒಂದೇ ರೇಟು. ಅವನು ತಕ್ಕಡಿ ಎತ್ತುವ ಮೊದಲು ಏಳು ಸಂಪುಟ ನಾನು ತಂದೆ. ಇನ್ನೊಂದನ್ನು ಯಾರೋ ಓದಿ ಕೊಡುತ್ತೇನೆಂದು ಒಯ್ದಿದ್ದಾರಂತೆ.

*

ತಾಮ್ರದ ಹಂಡೆ: ಅಜ್ಜಿಗೆ ಬಿಸಿನೀರು, ಸೊಸೆಗೆ ಅಟ್ಟದ ಭಾರ, ಕೊಂಡವರಿಗೆ ಮನಿಪ್ಲಾಂಟ್ ಕುಂಡ.

*

ಎಚ್‌ಎಂಟಿ ಬೆಂಗಳೂರಿನಲ್ಲಿ ವಾಚು ಮಾಡಲು ಶುರುಮಾಡಿದ್ದು 1961ರಲ್ಲಿ, ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ. ಆ ವಾಚ್ ಕಂಪನಿ ಮುಚ್ಚಲು ಕೇಂದ್ರ ಸರ್ಕಾರ ತೀರ್ಮಾನಿಸಿದ್ದು 2016ರಲ್ಲಿ. ಡ್ರಾಯರಿನ ಮೂಲೆಯಲ್ಲಿದ್ದ ‘ಜನತಾ’ಕ್ಕೆ ಇದು ಯಾವುದೂ ಗೊತ್ತಿಲ್ಲ. ಕೀ ಕೊಟ್ಟೆ, ನಡೆಯಿತು. ಯಜಮಾನರು ಕಿವಿಗಿಟ್ಟುಕೊಂಡು ಕೇಳಿದರು; ಮಾರುವುದಿಲ್ಲ ಅಂದರು. ಕೀ ಕೊಟ್ಟದ್ದು ನನ್ನದೇ ತಪ್ಪು.

*

ಮಂಗಳವಾರ, ಶುಕ್ರವಾರ ದೀಪದ ಕಂಬ ಮನೆ ದಾಟಿಸುವ ಹಾಗಿಲ್ಲ. ಶನಿವಾರ ಕಬ್ಬಿಣ ಕೊಳ್ಳುವ ಹಾಗಿಲ್ಲ. ಗೋದ್ರೇಜ್ ಬೀರು ಭಾನುವಾರಕ್ಕೆ ಕಾಯಬೇಕು. ಭಾನುವಾರ ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ ಸಾಮಾನು ಬಿಡುವುದಿಲ್ಲ.

*

ಪಟ್ಟದ ಗೊಂಬೆಗಳ ಫೋಟೋವನ್ನು ಯಾರೂ ಗ್ರೂಪಿಗೆ ಹಾಕುವುದಿಲ್ಲ. ‘ನಿಮ್ಮಲ್ಲಿ ದಸರಾಕ್ಕೆ ಕೂರಿಸ್ತೀರಾ?’ ಎಂದು ಕೇಳುತ್ತಾರೆ. ಹೌದು ಅಂದವರಿಗೆ ದುಡ್ಡಿಲ್ಲದೆ ಸಿಗುತ್ತದೆ. ನಾನು ಸುಳ್ಳು ಹೇಳಲಾರದೆ ಸುಮ್ಮನಿದ್ದೆ.

*

ಬೈರಸಂದ್ರ, ತಾವರೆಕೆರೆ, ಮಡಿವಾಳ. ಮೂರು ಊರಿನ ಹೊಲಗದ್ದೆ ಸೈಟುಗಳಾಗಿ ಹಂಚಿಹೋದ ಮೇಲೆ ಬಡಾವಣೆಗೆ ಉಳಿದದ್ದು ಬಿ, ಟಿ, ಎಂ ಎಂಬ ಮೂರು ಇನಿಷಿಯಲ್ಲು. ಮೈಕೋ ಕಂಪನಿ 2008ರಲ್ಲಿ ಬಾಷ್ ಆಯಿತು. ಪಕ್ಕದ ಮೈಕೋ ಲೇಔಟಿಗೆ ಮಾತ್ರ ಆ ಸುದ್ದಿ ಇನ್ನೂ ತಲುಪಿಲ್ಲ.

*

ಸ್ಟೀಲ್ ಡಬ್ಬಿಯೊಂದರ ಅಂಚಿನಲ್ಲಿ ಚುಕ್ಕಿ ಚುಕ್ಕಿ ಅಕ್ಷರ. ಉಳಿಯಲ್ಲಿ ಕುಟ್ಟಿ ಬರೆದದ್ದು. ಕೊಟ್ಟ ಚಿಕ್ಕಪ್ಪನ ಹೆಸರು ದೊಡ್ಡದು, ಮದುಮಗಳ ಹೆಸರು ಚಿಕ್ಕದು, ಕೊನೆಗೆ 1974. ಸಾಲಿನ ತುದಿಯಲ್ಲಿ ಜಾಗ ಸಾಲದೆ 4 ಕೆಳಗಿಳಿದಿದೆ. ಆಕೆ ಆ 4ರ ಮೇಲೆ ಬೆರಳಾಡಿಸಿ, “ಅವತ್ತೂ ಹಿಂಗೇ ನಗು ಬಂದಿತ್ತು” ಅಂದರು. ನೂರು ರೂಪಾಯಿ ಈಸಿಕೊಂಡರು. ಆಮೇಲೆ ಒಳಗೆ ಹೋಗಿ ಕುಂಕುಮದ ಬಟ್ಟಲು ತಂದರು. ಡಬ್ಬಿಗೆ ಒಂದು ಹಿಡಿ ಅಕ್ಕಿ ಹಾಕಿದರು. ಖಾಲಿ ಪಾತ್ರೆ ಕೊಡಬಾರದಂತೆ. ಆ ಮನೆಯಲ್ಲಿ ಆಗ ಉಳಿದಿದ್ದ ಅಕ್ಕಿ ಎರಡು ಪಾವಿಗಿಂತ ಹೆಚ್ಚಿರಲಿಲ್ಲ.

*

ಅಗ್ಗಕ್ಕೆ ಸಿಕ್ಕಿತು ಎಂದು ಮನೆಗೆ ಬಂದು ಹೇಳುವಾಗ ದನಿ ತಾನಾಗಿ ತಗ್ಗುತ್ತದೆ.

*

ಇಂಥ ಮನೆಗೆ ಹೋಗಿ ಬಂದ ರಾತ್ರಿ ನಮ್ಮ ಅಟ್ಟ ನೋಡುತ್ತೇನೆ. ಎರಡು ವಾರ ಸಾಲದು.

*

ಮೊನ್ನೆ ಆ ಡಬ್ಬಿಯಲ್ಲಿ ಪಕ್ಕದ ಮನೆಗೆ ಬಿಸಿಬೇಳೆಬಾತ್ ಕಳಿಸಿದ್ದೆ. ತೊಳೆದು ವಾಪಸ್ ತರುತ್ತಿದ್ದ ಹುಡುಗ ಹೆಸರು ಓದಿ, ಅದೇ ಹೆಸರಿನವರಿದ್ದಾರಲ್ಲ ಎಂದು ಮೂರನೇ ಮಹಡಿಗೆ ಕೊಟ್ಟು ಬಂದ. ಅವರು ಅದರಲ್ಲಿ ಹುಳಿಯವಲಕ್ಕಿ ತುಂಬಿ ಕಳಿಸಿದರು. ಪಾತ್ರೆಗೆ ಉಳಿಯಲ್ಲಿ ಹೆಸರು ಹಾಕುವವರು ಜಯನಗರ, ಬನಶಂಕರಿ ಕಡೆ ಯಾರಾದರೂ ಉಳಿದಿದ್ದರೆ ತಿಳಿಸಿ. ಇರುವ ಹೆಸರು ಅಳಿಸುವುದು ಬೇಡ, ಆ 4ರ ಕೆಳಗೆ ಇನ್ನೂ ಸ್ವಲ್ಪ ಜಾಗವಿದೆ.